ಮಾತ್ರೆ ಡಬ್ಬಿಯ ಜೊತೆ ಮೂರು ಊರು

ಅನ್ವಿತಾ, ತೇಜಸ್, ನಿಮ್ಮ ಅಜ್ಜಿ ಹೆಚ್ಚು ಮಾತಾಡಿದ್ದನ್ನು ನೀವಿಬ್ಬರೂ ಕೇಳಿಲ್ಲ. ಊಟ ಆಯಿತಾ, ಸ್ವೆಟರ್ ಹಾಕಿಕೊಂಡೆಯಾ, ಇಷ್ಟೇ. ನಾಲ್ಕು ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ. ಚಿಕ್ಕಂದಿನಿಂದಲೂ ಹಾಗೆಯೇ. ನಮ್ಮೂರ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ. ಮೇಷ್ಟರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆ. ಈಗಲೂ ಅದನ್ನೇ ಮಾಡುತ್ತಿದ್ದೇನೆ.

ಅನ್ವಿತಾ, ನಿನ್ನ ಅಮ್ಮ ವೀಣಾ ಪರ್ತ್‌ನಲ್ಲಿ ಫಾರ್ಮಸಿಸ್ಟ್. ತೇಜಸ್, ನಿನ್ನ ಅಪ್ಪ ಮಹೇಶ ಬ್ರಿಸ್ಬೇನ್‌ನಲ್ಲಿ ಡಾಕ್ಟರ್. ಅಕ್ಕ ತಮ್ಮ ಇಬ್ಬರೂ ನಿಮ್ಮ ತಾತ ತೀರಿಕೊಂಡ ಮೇಲೆ ಮೂರು ವರ್ಷ ಒಬ್ಬರಿಗೊಬ್ಬರು ಒಂದು ಮಾತೂ ಆಡಲಿಲ್ಲ. ನಿಮಗೂ ಅದು ಗೊತ್ತು. ಯಾಕೆ ಎಂದು ಯಾರೂ ಹೇಳಿರಲಿಲ್ಲ. ನಾನು ಮಳವಳ್ಳಿಯಿಂದ ಹೊರಡುವಾಗ ಅಕ್ಕಪಕ್ಕದವರಿಗೆ ಕಾಂಗರೂ ನೋಡಲು ಹೋಗುತ್ತೇನೆ ಎಂದೆ. ಮನಸ್ಸಿನಲ್ಲಿ ಇದ್ದದ್ದು ಒಂದೇ. ಇವರಿಬ್ಬರನ್ನು ಮಾತಾಡಿಸದೆ ವಾಪಸು ವಿಮಾನ ಹತ್ತಬಾರದು. ಹೇಗೆ ಮಾತಾಡಿಸುವುದೋ ಗೊತ್ತಿರಲಿಲ್ಲ.

ಪರ್ತ್

ವಿಮಾನ ನಿಲ್ದಾಣದಲ್ಲಿ ತಡೆದದ್ದು ನನ್ನ ಮಾತ್ರೆ ಡಬ್ಬಿಯನ್ನು. ಚಟ್ನಿಪುಡಿಗೆ ತೊಂದರೆ ಆಗುತ್ತದೆ ಎಂದು ಎಲ್ಲರೂ ಹೆದರಿಸಿದ್ದರು. ಅಧಿಕಾರಿ ಅದನ್ನು ಮೂಸಿ ನೋಡಿ, ಸೀನಿ, ವಾಪಸು ಕೊಟ್ಟ. ಮಾತ್ರೆಗಳ ಸ್ಟೀಲ್ ಡಬ್ಬಿ ತೆರೆದು ಮಾತ್ರ ಒಂದೊಂದೇ ಹೊರಗಿಟ್ಟ. ಬಿಪಿ ಮಾತ್ರೆಗೆ ಮಂಡ್ಯದ ಡಾಕ್ಟರ ಚೀಟಿ ಇತ್ತು. ಶುಗರ್ ಮಾತ್ರೆಗೂ ಇತ್ತು. ಕೊನೆಗೆ ಕತ್ತರಿಯಲ್ಲಿ ಕತ್ತರಿಸಿದ ನಾಲ್ಕು ತುಂಡು ಮಾತ್ರೆ ಹಾಳೆ, ಒಳಗೆ ಹಳದಿ ಮಾತ್ರೆಗಳು. ಅದರ ಮೇಲೆ ಹೆಸರಿಲ್ಲ. ನಾನು ಮಂಡಿ ಮುಟ್ಟಿ ತೋರಿಸಿದೆ. ಅವನೂ ತನ್ನ ಮಂಡಿ ಮುಟ್ಟಿ ತೋರಿಸಿ, ಮುಖ ಹಿಂಡಿ, ನಕ್ಕು ಬಿಟ್ಟ. ಮುಂದಿನ ಸಲ ಚೀಟಿ ತನ್ನಿ ಎಂದು ಏನೋ ಹೇಳಿದ. ಅವನಿಗೂ ಮಂಡಿ ನೋವಿರಬೇಕು.

ಪರ್ತ್‌ನಲ್ಲಿ ನನಗೆ ಹಿಡಿಸಿದ್ದು ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುವುದು. ನಿಮ್ಮ ತಾತ ಮೂವತ್ತು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ನಮ್ಮ ಕಡೆ ಡ್ರೈವರಿಗೆ ಜನ ಹೇಳುವ ಮಾತೇ ಬೇರೆ. ಮೂರನೇ ದಿನ ನಾನೂ ಧೈರ್ಯ ಮಾಡಿ ಥ್ಯಾಂಕ್ಸ್ ಎಂದೆ. ಬಾಗಿಲು ಮುಚ್ಚಿದ ಮೇಲೆ ಅಂದದ್ದರಿಂದ ಅವನಿಗೆ ಕೇಳಿಸಲಿಲ್ಲ. ಅನ್ವಿತಾ ನಕ್ಕಿದ್ದೇ ನಕ್ಕಿದ್ದು. "ಅಜ್ಜಿ, ಯು ಥ್ಯಾಂಕ್ಡ್ ದ ಬಸ್ ಸ್ಟಾಪ್!"

ವೀಣಾ ಕೆಲಸ ಮಾಡುವ ಔಷಧಿ ಅಂಗಡಿಗೆ ಒಂದು ದಿನ ಹೋಗಿ ಮೂಲೆಯ ಕುರ್ಚಿಯಲ್ಲಿ ಕೂತಿದ್ದೆ. ಅಲ್ಲಿ ಸೋಪು, ಟೋಪಿ, ಉಡುಗೊರೆ ಸಾಮಾನು ಎಲ್ಲ ಮಾರುತ್ತಾರೆ. ಔಷಧಿ ಹಿಂದೆ ಎತ್ತರದ ಕಟ್ಟೆಯ ಮೇಲೆ. ಹೆಸರು, ವಿಳಾಸ, ಹುಟ್ಟಿದ ದಿನ ಮೂರನ್ನೂ ಕೇಳಿಯೇ ಕೈಗೆ ಕೊಡುತ್ತಾರೆ, ದಿನಾ ಬರುವ ಮುದುಕನಾದರೂ ಸರಿ. ಅಂಥ ಒಬ್ಬ ಮುದುಕ ನಾಯಿ ಹಿಡಿದುಕೊಂಡು ಚೀಟಿ ತಂದ. ವೀಣಾ ಚೀಟಿ ನೋಡಿದಳು, ಕಂಪ್ಯೂಟರ್ ನೋಡಿದಳು, ಕೊಡಲಿಲ್ಲ. ಫೋನ್ ಹಿಡಿದು ಆ ಡಾಕ್ಟರಿಗಾಗಿ ಎಷ್ಟೋ ಹೊತ್ತು ಕಾದಳು. ಮುದುಕ ಗೊಣಗಿದ. ನಾಯಿ ಮಲಗಿತು.

"ಯಾಕೆ, ಬರೆದುಕೊಟ್ಟಿದಾರಲ್ಲ, ಕೊಟ್ಟುಬಿಡು" ಎಂದೆ.

"ಅಮ್ಮ, ಇದು ಅವರ ಇನ್ನೊಂದು ಮಾತ್ರೆ ಜೊತೆ ಸೇರಲ್ಲ. ನಾನೇ ಬದಲಾಯಿಸೋ ಹಾಗೂ ಇಲ್ಲ. ಡಾಕ್ಟರನ್ನ ಕೇಳ್ಬೇಕು, ಅವರು ಹೂಂ ಅನ್ನಬೇಕು, ಅದನ್ನ ಬರೆದಿಡಬೇಕು. ಆಮೇಲೆ ಕೊಡೋದು."

ನನ್ನ ಮಗಳ ಮೇಲೆ ನನಗೆ ಹೆಮ್ಮೆ ಆಯಿತು. ಅದೇ ಸಂಜೆ ಮನೆಯಲ್ಲಿ ಅವಳು ನನ್ನ ಬಿಪಿ ನೋಡಿದಳು. ಜಾಸ್ತಿ ಇತ್ತು. ಪಾದವೂ ಸ್ವಲ್ಪ ಊದಿತ್ತು. "ಬಿಪಿ ಮಾತ್ರೆ ಒಂದರ ಬದಲು ಒಂದೂವರೆ ತಗೋ ಅಮ್ಮ. ಉಪ್ಪಿನಕಾಯಿ ಬಿಡು" ಎಂದಳು. ಇದಕ್ಕೆ ಅವಳು ಯಾವ ಡಾಕ್ಟರಿಗೂ ಫೋನ್ ಮಾಡಲಿಲ್ಲ. ಅಮ್ಮನಲ್ಲವೇ, ಅಂಗಡಿಯ ನಿಯಮ ಮನೆಗೆ ಯಾಕೆ ಎಂದುಕೊಂಡಿರಬೇಕು. ನಾನೂ ಹಾಗೇ ಅಂದುಕೊಂಡೆ.

ಬ್ರಿಸ್ಬೇನ್

ಮಹೇಶನ ಮನೆ ಇರುವುದು ರನ್‌ಕಾರ್ನ್‌ನಲ್ಲಿ. ಆ ಬೀದಿಯಲ್ಲಿ ಎಲ್ಲ ದೇಶದವರೂ ಇದ್ದಾರೆ, ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ, ಹಕ್ಕಿಗಳನ್ನು ಬಿಟ್ಟು. ಅಲ್ಲಿನ ಹಕ್ಕಿಗಳು ಬೆಳಗಾಗುವ ಮೊದಲೇ ಜಗಳಕ್ಕೆ ನಿಂತವರ ಹಾಗೆ ಕೂಗುತ್ತವೆ. ದೊಡ್ಡ ಮನುಷ್ಯರು ಬರಿಗಾಲಲ್ಲಿ ಅಂಗಡಿಗೆ ಬರುತ್ತಾರೆ. ನಾನು ನಮ್ಮೂರಲ್ಲಿ ಚಪ್ಪಲಿ ಹಾಕಿಕೊಂಡು ಪೇಟೆಗೆ ಹೋಗಲು ಕಲಿತದ್ದೇ ಮದುವೆಯಾದ ಮೇಲೆ. ಇವರು ಇಷ್ಟು ದೂರ ಬಂದು ಚಪ್ಪಲಿ ಬಿಟ್ಟಿದ್ದಾರೆ.

ಮಹೇಶ ಬೆಳಿಗ್ಗೆ ಕ್ಲಿನಿಕ್ಕಿಗೆ ಹೊರಡುವಾಗ "ಆರ್ವೋ ಬೇಗ ಬರ್ತೀನಿ" ಎನ್ನುತ್ತಿದ್ದ. ಮಧ್ಯಾಹ್ನ ಎಂದು ಅರ್ಥವಂತೆ. ಯಾವ ಆರ್ವೋದಲ್ಲೂ ಅವನು ಬೇಗ ಬರಲಿಲ್ಲ. ಒಂದು ರಾತ್ರಿ ಬಂದವನು ನನ್ನ ಕಾಲು ನೋಡಿದ. ಬೆರಳಿಂದ ಒತ್ತಿದ, ಗುಳಿ ಬಿತ್ತು.

"ಬಿಪಿ ಮಾತ್ರೆ ಎಷ್ಟು ತಗೋತಿದೀಯ?"

"ಒಂದೂವರೆ."

"ಒಂದಿತ್ತಲ್ಲ? ಯಾರು ಮಾಡಿದ್ದು ಒಂದೂವರೆ?"

ಅಕ್ಕ ಎಂದು ಹೇಳಿದ್ದರೆ ಅವನು ಏನು ಅನ್ನುತ್ತಿದ್ದ ಎಂಬುದು ನನಗೆ ಗೊತ್ತಿತ್ತು. "ಊರಿನ ಡಾಕ್ಟ್ರು" ಎಂದೆ.

ಅವನು ದೇಹದಲ್ಲಿ ನಿಂತ ನೀರು ಹೊರಗೆ ಹೋಗುವ ಒಂದು ಮಾತ್ರೆ ಕೊಟ್ಟ. ಬೆಳಿಗ್ಗೆ ಒಂದು. ನಾಲ್ಕು ದಿನದ ಮೇಲೆ ವೀಣಾ ಫೋನ್ ಮಾಡಿ "ಊತ ಇಳಿತಾ?" ಎಂದಳು. ಇಳಿದಿದೆ ಎಂದೆ. ಯಾವ ಮಾತ್ರೆಯಿಂದ ಎಂದು ಹೇಳಲಿಲ್ಲ. ಇವನ ಹೆಸರು ಅವಳ ಕಿವಿಗೆ, ಅವಳ ಹೆಸರು ಇವನ ಕಿವಿಗೆ ಬೀಳದ ಹಾಗೆ ಮೂರು ವರ್ಷ ಮಾತಾಡಿ ನನಗೆ ಅಭ್ಯಾಸವಾಗಿತ್ತು.

ಹಳದಿ ಮಾತ್ರೆಯ ವಿಷಯವನ್ನು ಇಬ್ಬರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲ ಮಕ್ಕಳೇ. ನನ್ನ ಲೆಕ್ಕದಲ್ಲಿ ಅದು ಔಷಧಿಯೇ ಅಲ್ಲ. ಡಾಕ್ಟರ್ ಬರೆದದ್ದು ಔಷಧಿ. ಮಂಡಿ ನೋಯುತ್ತದೆ ಎಂದರೆ ನಮ್ಮೂರ ಮೆಡಿಕಲ್ ಶಾಪಿನ ಪುಟ್ಟಸ್ವಾಮಿ ಕತ್ತರಿ ತೆಗೆದು ಕತ್ತರಿಸಿ ಕೊಡುವುದು, ಅಮೃತಾಂಜನ ಇದ್ದ ಹಾಗೆ. ಬ್ರಿಸ್ಬೇನ್‌ನಲ್ಲಿ ಏರು ರಸ್ತೆ ಹೆಚ್ಚು. ನಡೆದಷ್ಟೂ ನೋವು. ದಿನಕ್ಕೆ ಒಂದಿದ್ದದ್ದು ಎರಡಾಯಿತು, ಕೆಲವು ದಿನ ಮೂರು.

ಒಂದು ಶನಿವಾರ ಸೊಸೆ ಸ್ಮಿತಾಳ ಜೊತೆ ಸನ್ನಿಬ್ಯಾಂಕಿನ ತರಕಾರಿ ಅಂಗಡಿಗೆ ಹೋದೆ. ಚೀನಾದವರ ಅಂಗಡಿ. ನುಗ್ಗೇಕಾಯಿ, ಹಾಗಲಕಾಯಿ, ಕೆಸುವಿನ ಗಡ್ಡೆ ಎಲ್ಲ ಕಂಡು ನನಗೆ ಸಂತೋಷವಾಗಿ ಒಂದು ಹಾಗಲಕಾಯಿ ಎತ್ತಿಕೊಂಡೆ. ಅಷ್ಟೇ ನೆನಪು. ಕಣ್ಣು ಬಿಟ್ಟಾಗ ನೆಲದ ಮೇಲೆ ಕೂತಿದ್ದೆ, ಒಬ್ಬ ಹೆಂಗಸು ರಟ್ಟಿನ ತುಂಡಿನಿಂದ ಗಾಳಿ ಹಾಕುತ್ತಿದ್ದಳು, ಸ್ಮಿತಾ ಅಳುತ್ತಿದ್ದಳು, ಕೈಯಲ್ಲಿ ಹಾಗಲಕಾಯಿ ಹಾಗೇ ಇತ್ತು.

"ಆಂಟಿ, ಏನಾಯ್ತು?" ಎಂದು ಅಂಗಡಿಯಲ್ಲಿದ್ದ ಯಾರೋ ಮೈಸೂರಿನ ಹುಡುಗಿ ಕನ್ನಡದಲ್ಲಿ ಕೇಳಿತು. ನನಗೆ ಬಿದ್ದದ್ದಕ್ಕಿಂತ ಜನ ಸೇರಿದ್ದೇ ನಾಚಿಕೆ. "ಏನಿಲ್ಲ ಮಗಾ, ಬಿಸಿಲು" ಎಂದೆ. ಅಂಗಡಿಯೊಳಗೆ ಎಲ್ಲಿಯ ಬಿಸಿಲು! ಮಹೇಶನಿಗೆ ಹೇಳಬೇಡ ಎಂದು ಸ್ಮಿತಾಳ ಕೈ ಹಿಡಿದುಕೊಂಡೆ. ಅವಳು ನನ್ನ ಮಾತಿಗೆ ಕಟ್ಟುಬಿದ್ದಳು. ಅವಳದೇನೂ ತಪ್ಪಿಲ್ಲ, ತೇಜಸ್, ನಿನ್ನ ಅಮ್ಮನನ್ನು ಬೈಯಬೇಡ.

ಅಡಿಲೇಡ್

ಅಡಿಲೇಡ್‌ನಲ್ಲಿ ನನ್ನ ಓರಗಿತ್ತಿ ನಾಗರತ್ನ ಇದ್ದಾಳೆ, ನಿಮ್ಮ ತಾತನ ತಮ್ಮನ ಹೆಂಡತಿ. ನಿಮಗೆ ನಾಗು ಅಜ್ಜಿ. ಅಲ್ಲಿಗೆ ಬಂದು ಹದಿನೈದು ವರ್ಷ ಆಯಿತು, ಇಂಗ್ಲಿಷನ್ನು ಕನ್ನಡದ ವೇಗದಲ್ಲಿ ಮಾತಾಡುತ್ತಾಳೆ, ತಪ್ಪಾದರೆ ಎದುರಿನವರನ್ನೇ ಗದರುತ್ತಾಳೆ. ನಾನು ಅಲ್ಲಿಗೆ ಹೋದಾಗ ಚಳಿ. ಊಟ ಸೇರುತ್ತಿರಲಿಲ್ಲ, ಎದ್ದರೆ ತಲೆ ಸುತ್ತು, ಬಾತ್‌ರೂಮಿಗೆ ಹೋಗುವುದೂ ಕಡಿಮೆಯಾಗಿತ್ತು. ಚಳಿಗೆ ಎಂದುಕೊಂಡೆ.

ಬುಧವಾರ ನಾಗುವಿನ ಮನೆಗೆ ಒಬ್ಬ ಹೆಂಗಸು ಬಂದಳು. ಬಾಗಿಲಲ್ಲೇ ಶೂ ಬಿಚ್ಚಿದಳು. ಅದನ್ನು ನೋಡಿಯೇ ನನಗೆ ಅವಳ ಮೇಲೆ ನಂಬಿಕೆ ಬಂತು. ಹೆಸರು ಲಿಯೆನ್, ತಂದೆ ತಾಯಿ ವಿಯೆಟ್ನಾಮಿನಿಂದ ಬಂದವರಂತೆ. ಫಾರ್ಮಸಿಸ್ಟ್. ಆದರೆ ಅಂಗಡಿಯಲ್ಲಿ ಕೂರುವವಳಲ್ಲ. ಡಾಕ್ಟರು ಕಾಗದ ಬರೆದು ಕೇಳಿದರೆ ರೋಗಿಯ ಮನೆಗೇ ಬಂದು, ಎಲ್ಲ ಮಾತ್ರೆಗಳನ್ನೂ ಮೇಜಿನ ಮೇಲೆ ಹರಡಿ, ಯಾವುದನ್ನು ಯಾವಾಗ ಹೇಗೆ ನುಂಗುತ್ತೀರಿ ಎಂದು ಒಂದು ಗಂಟೆ ಕೂತು ಕೇಳುತ್ತಾಳೆ. ಅಡುಗೆಮನೆ ಕಪಾಟು ತೆರೆಸುತ್ತಾಳೆ. ಫ್ರಿಜ್ ನೋಡುತ್ತಾಳೆ. ಆಮೇಲೆ ಡಾಕ್ಟರಿಗೆ ವರದಿ ಬರೆಯುತ್ತಾಳೆ. ಬದಲಾಯಿಸಬೇಕೇ ಬೇಡವೇ ಎಂಬುದನ್ನು ಡಾಕ್ಟರು ರೋಗಿಯನ್ನು ಕೂರಿಸಿಕೊಂಡು ತೀರ್ಮಾನಿಸುತ್ತಾರೆ. ನಾಗುವಿನ ಹಾಸಿಗೆಯ ಕೆಳಗಿನಿಂದ ಲಿಯೆನ್ ಮೂರು ವರ್ಷ ಹಳೆಯ ಕೆಮ್ಮಿನ ಔಷಧಿಯ ಸೀಸೆ ಹೊರತೆಗೆದಳು. ನಾಗು "ಓ, ದಟ್ ಈಸ್ ಫಾರ್ ಗೆಸ್ಟ್" ಎಂದಳು.

ಅವರ ಕೆಲಸ ಮುಗಿಯುವವರೆಗೆ ಕಾದು, ನನ್ನ ಡಬ್ಬಿ ತಂದು ಲಿಯೆನ್ ಮುಂದೆ ಇಟ್ಟೆ. ನನ್ನದನ್ನೂ ನೋಡು ಎಂದು ನಾಗುವಿನ ಕೈಯಲ್ಲಿ ಹೇಳಿಸಿದೆ. ಪರದೇಶದ ಹೆಂಗಸಿನ ಮುಂದೆ ನಾನಾಗಿ ಏನನ್ನಾದರೂ ಕೇಳಿದ್ದು ಅದೇ ಮೊದಲು.

ಅವಳು ಡಬ್ಬಿಯನ್ನು ಮೆಲ್ಲಗೆ ನನ್ನ ಕಡೆಗೇ ಸರಿಸಿದಳು.

ನನಗೆ ಮುಖದ ಮೇಲೆ ನೀರು ಎರಚಿದ ಹಾಗಾಯಿತು. ನಾಗು ವಿವರಿಸಿದಳು. "ಅಕ್ಕ, ಅವಳಿಗೆ ನಿನ್ನ ಡಾಕ್ಟರ್ ಕಾಗದ ಕೊಟ್ಟಿಲ್ವಂತೆ. ಡಾಕ್ಟರ್ ಕೇಳದೆ ಅವಳು ಏನಾದ್ರೂ ಹೇಳಿಬಿಟ್ರೆ, ಆ ಮಾತಿಗೆ ಯಾರೂ ಜವಾಬ್ದಾರಿ ಇರಲ್ವಂತೆ. ತಾನೊಬ್ಬಳೇ ಏನಾದ್ರೂ ಹೇಳಿದ್ರೆ ನಿನಗೇ ಅಪಾಯ ಅಂತಿದಾಳೆ."

ಲಿಯೆನ್ ಏಳುವ ಮೊದಲು ನನ್ನ ಕಾಲನ್ನು ನೋಡಿದಳು, ಮುಖ ನೋಡಿದಳು, ಎಷ್ಟು ಸಲ ಬಾತ್‌ರೂಮಿಗೆ ಹೋಗುತ್ತೀರಿ ಎಂದಳು. ಆಮೇಲೆ ನಾಗುವಿಗೆ ಗಟ್ಟಿಯಾಗಿಯೇ ಹೇಳಿದಳು: ಇವರನ್ನು ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ನಾಳೆ ಅಲ್ಲ.

ಮಗನಿಗೆ ಫೋನ್ ಮಾಡಲೇ ಎಂದಳು ನಾಗು. ಬೇಡ ಎಂದೆ. ಮಗಳಿಗೆ? ಬೇಡ. ನಾನೇ ಹೋಗುತ್ತೇನೆ. ನೀವು ಈ ದೇಶದವರಲ್ಲ, ಕೈಯಿಂದಲೇ ಹಣ ಕೊಡಬೇಕು ಎಂದು ಕ್ಲಿನಿಕ್ಕಿನವರು ಹೇಳಿದರು. ಕೊಡುತ್ತೇನೆ ಎಂದೆ.

ಡಾಕ್ಟರ್ ನಸೀಮಾ

ನಾಗುವಿನ ಡಾಕ್ಟರು ನಸೀಮಾ ಅಂತ, ಧಾರವಾಡದವರು. ನಾನು ಕುರ್ಚಿಯ ತುದಿಯಲ್ಲಿ ಕೂತದ್ದನ್ನು ನೋಡಿ, "ಅಮ್ಮಾರ, ಸರಿಯಾಗಿ ಕುಂದರ್ರಿ, ಕುರ್ಚಿಗೆ ಏನ್ ಆಗೂದಿಲ್ಲ" ಎಂದರು. ಅಷ್ಟು ದೂರದಲ್ಲಿ ಆ ಮಾತು ಕೇಳಿ ನನಗೆ ಅಳು ಬಂದುಬಿಟ್ಟಿತು.

ಬಿಪಿ ನೋಡಿದರು, ರಕ್ತ ತೆಗೆಸಿದರು. "ಏನೇನ್ ತಗೋತೀರಿ ಎಲ್ಲಾ ಹೇಳ್ರಿ." ಬಿಪಿಗೆ, ಶುಗರಿಗೆ, ನೀರಿಗೆ ಎಂದೆ. "ಮತ್ತ?" ಮತ್ತೇನಿಲ್ಲ ಎಂದೆ. "ನಾ ಇಲ್ಲಿ ಕುಂತು ಕೇಳಿದ್ರ ಎಲ್ಲಾರೂ ಇಷ್ಟ ಹೇಳ್ತಾರ್ರೀ. ನನಗ ನಿಮ್ಮ ಡಬ್ಬಿ ಕಾಣೂದಿಲ್ಲ. ಲಿಯೆನ್‌ಗ ಕಾಣ್ತದ. ಆದ್ರ ಆಕಿಗೆ ಬರೆಯೂ ಅಧಿಕಾರ ಇಲ್ಲ, ನನಗ ಅದ. ಅದಕ್ಕ ಇಬ್ಬರೂ ಕೂಡೇ ಮಾಡ್ಬೇಕು." ಹೀಗೆ ಹೇಳಿ ನೀರಿನ ಮಾತ್ರೆಯನ್ನು ಅಂದೇ ನಿಲ್ಲಿಸಿ, ಲಿಯೆನ್‌ಗೆ ಕಾಗದ ಬರೆದರು. ಕೆಳಗೆ ನನ್ನ ಸಹಿ ತೆಗೆದುಕೊಂಡರು. ನನ್ನ ಒಪ್ಪಿಗೆ ಇಲ್ಲದೆ ಕಾಗದ ಹೋಗುವ ಹಾಗಿಲ್ಲವಂತೆ. ಅರವತ್ತೇಳು ವರ್ಷದಲ್ಲಿ ನನ್ನ ಒಪ್ಪಿಗೆ ಕೇಳಿ ನಿಂತ ಕಾಗದ ಅದೊಂದೇ ಇರಬೇಕು. ನಿಧಾನವಾಗಿ, ಚೆನ್ನಾಗಿ ಸಹಿ ಮಾಡಿದೆ.

ಮರುದಿನ ಮಧ್ಯಾಹ್ನ ಲಿಯೆನ್ ಬಂದಳು. ಈ ಸಲ ಡಬ್ಬಿಯನ್ನು ತಾನೇ ತನ್ನ ಕಡೆ ಎಳೆದುಕೊಂಡಳು. ಹಳದಿ ಮಾತ್ರೆಯ ತುಂಡು ಹಾಳೆ ಎತ್ತಿ ಬೆಳಕಿಗೆ ಹಿಡಿದಳು. ಇದೇನು? ಇದು ಔಷಧಿಯಲ್ಲ, ಮಂಡಿಗೆ ಎಂದೆ. ಅವಳು ನಗಲಿಲ್ಲ. ತನ್ನ ಅಮ್ಮನೂ ಬೇರು ಅರೆದು ಕುಡಿದು ಅದು ಔಷಧಿಯಲ್ಲ, ಸಾರು ಎನ್ನುತ್ತಾಳೆ ಎಂದಳು. ಹೆಸರಿರುವ ಅರ್ಧ ಎಲ್ಲಿ? ಪುಟ್ಟಸ್ವಾಮಿಯ ಅಂಗಡಿಯಲ್ಲಿ. ಹಾಗಾದರೆ ಅವನನ್ನು ಕೇಳೋಣ ಎಂದಳು.

ಆಗ ನಮ್ಮೂರಲ್ಲಿ ಬೆಳಿಗ್ಗೆ ಹತ್ತು ಗಂಟೆ. ಪುಟ್ಟಸ್ವಾಮಿ ಮೊದಲ ರಿಂಗಿಗೇ ಫೋನ್ ಎತ್ತಿಕೊಂಡ.

"ಹೇಳಿ ಅಮ್ಮಾವ್ರೆ! ಫಾರಿನ್ನಿಂದಾನಾ? ಕಾಂಗ್ರೂ ನೋಡುದ್ರಾ?"

"ಮಂಡಿ ನೋವಿಗೆ ಕೊಡ್ತೀಯಲ್ಲಪ್ಪ ಹಳದಿ ಮಾತ್ರೆ, ಅದರ ಹೆಸರು ಹೇಳು."

"ಖಾಲಿ ಆಗೋಯ್ತಾ? ಅಲ್ಲಿ ಅಂಥದ್ದು ಸಿಗಾಕಿಲ್ಲ. ಯಾರಾದ್ರೂ ಬರೋರಿದ್ರೆ ಹೇಳಿ, ಕಳಿಸ್ತೀನಿ."

"ಬೇಡ. ಹೆಸರು ಹೇಳು. ಎದುರಿಗೆ ಇಲ್ಲಿನ ಫಾರ್ಮಸಿಸ್ಟ್ ಕೂತಿದಾರೆ."

"ಅಮ್ಮಾವ್ರೆ, ಏನಾರ ಹೆಚ್ಚು ಕಮ್ಮಿ ಆಯ್ತಾ? ನಾನು ದಿನಕ್ಕೊಂದು, ಐದು ದಿನ ಅಂದಿದ್ದೆ."

"ಅಂದಿದ್ದೆ ಕಣಪ್ಪ. ನಾನು ಐದು ವರ್ಷ ತಗೊಂಡೆ."

ಅವನು ಒಂದೊಂದೇ ಅಕ್ಷರ ಓದಿದ, ಲಿಯೆನ್ ಬರೆದುಕೊಂಡಳು. ಕೊನೆಗೆ "ಮೇಡಂಗೆ ನಮಸ್ಕಾರ ಹೇಳಿ, ಹುಷಾರಾಗಿ ಬನ್ನಿ" ಎಂದ. ಅವನ ದನಿ ಸಣ್ಣಗಾಗಿತ್ತು.

ಲಿಯೆನ್ ಕಾಗದದ ಮೇಲೆ ಮೂರು ಸುತ್ತು ಬರೆದು ತೋರಿಸಿದಳು. ಹೆಚ್ಚಿಸಿದ ಬಿಪಿ ಮಾತ್ರೆ ಒಂದು, ನೀರಿನ ಮಾತ್ರೆ ಒಂದು, ನೋವಿನ ಮಾತ್ರೆ ಒಂದು. ಒಂದೊಂದೂ ಅದರದರ ಪಾಡಿಗೆ ಇದ್ದರೆ ತಡೆಯಬಹುದು, ಮೂರೂ ಒಟ್ಟಿಗೆ ಸೇರಿದರೆ ಕಿಡ್ನಿಗೆ ಪೆಟ್ಟು. ಬಿಪಿ ಏರಿದ್ದಕ್ಕೂ ಕಾಲು ಊದಿದ್ದಕ್ಕೂ ಮೊದಲ ಕಾರಣ ಹಳದಿ ಮಾತ್ರೆಯೇ ಇರಬಹುದು. ಅದು ಗೊತ್ತಿಲ್ಲದೆ ಒಬ್ಬರು ಬಿಪಿಗೆ ಹೆಚ್ಚು ಮಾಡಿದರು, ಒಬ್ಬರು ಊತಕ್ಕೆ ಕೊಟ್ಟರು.

"ಯಾರು ಹೆಚ್ಚು ಮಾಡಿದ್ದು? ಯಾರು ಕೊಟ್ಟದ್ದು?" ಎಂದಳು. ವರದಿಯಲ್ಲಿ ಬರೆಯಬೇಕಂತೆ.

ಈಗ ಸುಳ್ಳು ಹೇಳಲು ಆಗಲಿಲ್ಲ. ನನ್ನ ಮಗಳು ಫಾರ್ಮಸಿಸ್ಟ್, ನನ್ನ ಮಗ ಡಾಕ್ಟರ್ ಎಂದೆ. ನಾಗು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಲಿಯೆನ್ ಪೆನ್ನು ಕೆಳಗಿಟ್ಟಳು.

ಶುಕ್ರವಾರ ರಕ್ತದ ವರದಿ ಬಂತು. ಕಿಡ್ನಿ ಸೋತಿದೆ, ಆದರೆ ಬೇಗ ಹಿಡಿದದ್ದರಿಂದ ಚೇತರಿಸಿಕೊಳ್ಳಬಹುದು ಎಂದರು ಡಾಕ್ಟರ್ ನಸೀಮಾ. ಲಿಯೆನ್ ಬರೆದದ್ದನ್ನು ಒಂದೊಂದೇ ಸಾಲು ನನಗೆ ಓದಿ ಹೇಳಿ, ಹಳದಿ ಮಾತ್ರೆ ಬಂದ್ ಮಾಡಿದರು. ಬಿಪಿ ಮಾತ್ರೆಯನ್ನೂ ಮತ್ತೆ ರಕ್ತ ನೋಡುವವರೆಗೆ ತಡೆದರು. ಆಮೇಲೆ ಕೇಳಿದರು: "ಈ ಕಾಗದ ಯಾರ್ಯಾರಿಗೆ ಕಳಸೂದ್ರಿ? ನೀವು ಹೇಳಿದವರಿಗೆ ಮಾತ್ರ. ನೀವು ಬ್ಯಾಡ ಅಂದ್ರ ಮಗ ಡಾಕ್ಟರ್ ಇದ್ರೂ ಕಳಸೂದಿಲ್ಲ. ಮತ್ತ ಒಂದ್ ಮಾತು, ಇಲ್ಲಿ ಡಾಕ್ಟರು ಸ್ವಂತ ಮನಿಯವರಿಗೆ ಔಷಧ ಕೊಡಬಾರದು ಅಂತಾರ. ಪ್ರೀತಿ ಇದ್ದಲ್ಲಿ ಕಣ್ಣು ಸರಿ ಕಾಣೂದಿಲ್ಲ."

ಆಗ ನಾನು ಅವರಿಗೆ ನಿಮ್ಮ ತಾತನ ವಿಷಯ ಹೇಳಿದೆ. ಯಾರಿಗೂ ಹೇಳದೆ ಇದ್ದದ್ದನ್ನು.

ನಿಮ್ಮ ತಾತನಿಗೆ ಹೃದಯದ ಕಾಯಿಲೆ. ರಕ್ತ ತೆಳುವಾಗುವ ಮಾತ್ರೆ ಕೊಟ್ಟಿದ್ದರು. ವಸಡಿನಲ್ಲಿ ರಕ್ತ ಬರತೊಡಗಿತು. ವೀಣಾ ಫೋನಿನಲ್ಲಿ "ನಾಳೆ ರಕ್ತ ಪರೀಕ್ಷೆ ಆಗೋವರೆಗೂ ನಿಲ್ಲಿಸು" ಎಂದಳು. ಮಹೇಶ "ನಿಲ್ಲಿಸಿದರೆ ಅಪಾಯ, ಕೊಡು" ಎಂದ. ಅವಳಿಗೆ ನಿಲ್ಲಿಸಿದೆ ಎಂದೆ. ಅವನಿಗೆ ಕೊಡುತ್ತಿದ್ದೇನೆ ಎಂದೆ. ಇಬ್ಬರ ಮಾತೂ ಉಳಿಯಲಿ ಎಂದು ದಿನ ಬಿಟ್ಟು ದಿನ ಕೊಟ್ಟೆ. ಪರೀಕ್ಷೆಗೆ ಕರೆದುಕೊಂಡು ಹೋಗಲು ತಡಮಾಡಿದೆ. ಹತ್ತನೇ ದಿನ ಅವರು ಹೋದರು. ತಿಥಿಯ ಮನೆಯಲ್ಲಿ ಅಮ್ಮ ನಿಲ್ಲಿಸಿದ್ದಳು ಎಂದು ಒಬ್ಬಳು, ಅಮ್ಮ ಕೊಡುತ್ತಿದ್ದಳು ಎಂದು ಒಬ್ಬ, ನೀನು ಸುಳ್ಳು ಎಂದರೆ ನೀನು ಸುಳ್ಳು. ನಾನು ಒಳಗೆ ಅಕ್ಕಿ ಆರಿಸುತ್ತಾ ಕೂತಿದ್ದೆ.

"ನನ್ನಿಂದ ಹೋದರಾ?" ಎಂದು ಡಾಕ್ಟರನ್ನು ಕೇಳಿದೆ.

ಅವರು ಇಲ್ಲ ಎಂದು ಬಾಯಿಮಾತಿಗೆ ಹೇಳಲಿಲ್ಲ. "ಹೇಳಾಕ ಆಗೂದಿಲ್ರಿ ಅಮ್ಮಾರ. ಅವರ ಹೃದಯ ಮೊದಲ ಸೋತಿತ್ತು. ಆದ್ರ ಅಲ್ಲಿ ಮೂರು ಮಂದಿ ಇದ್ರಿ, ಮೂರೂ ಮಂದಿ ಕೂಡಿ ಮಾತಾಡ್ಲಿಲ್ಲ. ಅದು ಖರೆ."

ನಾನು ಕಾಗದದ ಮೇಲೆ ಎರಡು ಹೆಸರು ಬರೆದುಕೊಟ್ಟೆ. ವೀಣಾ, ಮಹೇಶ. ಒಂದೇ ಸಾಲಿನಲ್ಲಿ.

ಭಾನುವಾರ

ಅಡಿಲೇಡ್‌ನಲ್ಲಿ ಬೆಳಿಗ್ಗೆ ಹನ್ನೊಂದು. ನಿಮ್ಮಿಬ್ಬರ ಮನೆಯಲ್ಲೂ ಬೇರೆ ಬೇರೆ ಗಂಟೆ. ನಾಗು ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಇಬ್ಬರನ್ನೂ ಒಂದೇ ಸಲ ಕರೆದಳು. ಎರಡು ಚೌಕದಲ್ಲಿ ಎರಡು ಮುಖ ಬಂತು. ಒಬ್ಬರನ್ನೊಬ್ಬರು ಕಂಡು ಇಬ್ಬರ ಮುಖವೂ ಗೋಡೆಯಾಯಿತು.

"ನಾನು ಆಮೇಲೆ ಮಾಡ್ತೀನಿ ಅಮ್ಮ" ಎಂದಳು ವೀಣಾ.

"ಇಬ್ಬರಲ್ಲಿ ಯಾರು ಫೋನ್ ಇಟ್ಟರೂ ನಾನು ಇವತ್ತಿನಿಂದ ಒಂದು ಮಾತ್ರೆಯನ್ನೂ ಮುಟ್ಟಲ್ಲ" ಎಂದೆ.

ನಾಗು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದಳು.

"ಅಮ್ಮ, ರಿಪೋರ್ಟ್ ನೋಡಿದೆ" ಎಂದ ಮಹೇಶ. "ಒಂದೂವರೆ ಊರಿನ ಡಾಕ್ಟ್ರು ಮಾಡಿದ್ದು ಅಂದ್ಯಲ್ಲ!"

"ಸುಳ್ಳು. ನಿನ್ನ ಅಕ್ಕ ಮಾಡಿದ್ದು."

"ನೀರಿನ ಮಾತ್ರೆ ಕೊಟ್ಟಿರೋದು ನನಗ್ಯಾಕೆ ಹೇಳ್ಲಿಲ್ಲ?" ವೀಣಾ ನನ್ನನ್ನು ಕೇಳಿದಳು, ಅವನ ಕಡೆ ನೋಡದೆ. "ಗೊತ್ತಿದ್ರೆ ಅವತ್ತೇ ಹೇಳ್ತಿದ್ದೆ, ಯಾರಾದ್ರೂ ಕೇಳಿದ್ರೆ ತಾನೆ—"

"ನಿನಗೂ ಸುಳ್ಳು ಹೇಳಿದೆ. ಈಗ ಇಬ್ಬರೂ ಸುಮ್ಮನಿರಿ. ನನ್ನ ಮಾತು ಮುಗಿದಿಲ್ಲ."

ಆಮೇಲೆ ತಾತನ ಮಾತ್ರೆಯ ವಿಷಯ ಹೇಳಿದೆ. ಡಾಕ್ಟರಿಗೆ ಹೇಳಿದ್ದಷ್ಟನ್ನೂ, ಅದೇ ಕ್ರಮದಲ್ಲಿ. "ಮೂರು ವರ್ಷ ಒಬ್ಬರನ್ನೊಬ್ಬರು ಸುಳ್ಳುಗಾರರು ಅಂದುಕೊಂಡಿದೀರಿ. ನೀವಿಬ್ಬರೂ ಹೇಳಿದ್ದು ನಿಜ. ಸುಳ್ಳು ಹೇಳಿದವಳು ನಾನು."

ಮಹೇಶನ ಚೌಕದಲ್ಲಿ ಮುಖ ಇರಲಿಲ್ಲ. ಬರೀ ಗೋಡೆ, ಗೋಡೆಯ ಮೇಲೆ ತೇಜಸ್ ಬರೆದ ಒಂದು ಚಿತ್ರ. ವೀಣಾ ಕಣ್ಣೊರೆಸಿಕೊಳ್ಳದೆ ಹಾಗೇ ಕೂತಿದ್ದಳು. ನಾಗು ಒಲೆಯ ಮೇಲಿನ ಹಾಲನ್ನು ಮರೆತು ಅದು ಉಕ್ಕಿತು. ಯಾರೂ ಏಳಲಿಲ್ಲ.

ಕೊನೆಗೆ ವೀಣಾ ಕೇಳಿದಳು. ನನ್ನನ್ನಲ್ಲ.

"ಕ್ರಿಯಾಟಿನಿನ್ ಎಷ್ಟು ಬಂದಿದೆ?"

ಅದು ರಕ್ತದಲ್ಲಿ ಕಿಡ್ನಿಯ ಸ್ಥಿತಿ ತೋರಿಸುವ ಅಂಕಿಯಂತೆ. ಮಹೇಶನ ಮುಖ ಚೌಕಕ್ಕೆ ವಾಪಸು ಬಂತು. ಕಾಗದ ಎತ್ತಿಕೊಂಡು ಅಂಕಿ ಹೇಳಿದ. "ಬಟ್ ಮುಂಚೆ ಎಷ್ಟಿತ್ತು ಅಂತ ಗೊತ್ತಿಲ್ಲ."

"ನನ್ನ ಹತ್ರ ಇದೆ. ಎರಡು ವರ್ಷದ ಹಿಂದಿನ ರಿಪೋರ್ಟ್."

"ಕಳಿಸ್ತೀಯಾ?"

"ನಿನ್ನ ನಂಬರ್ ಅದೇನಾ?"

"ಅದೇ."

ಆಮೇಲೆ ಅವರಿಬ್ಬರೂ ಇಂಗ್ಲಿಷಿನಲ್ಲಿ ಔಷಧಿಯ ಮಾತು ಶುರುಮಾಡಿದರು. ಒಂದಕ್ಷರ ನನಗೆ ಅರ್ಥವಾಗಲಿಲ್ಲ. ನಡುವೆ ವಾದವೂ ಆಯಿತು, ದನಿ ಏರಿತು, ಇಳಿಯಿತು. ನಾನು ಬಾಯಿ ಹಾಕಲಿಲ್ಲ. ನಾಗು ಉಕ್ಕಿದ ಹಾಲು ಒರೆಸಿ, ಹೊಸದಾಗಿ ಕಾಫಿ ಮಾಡಿ ತಂದು, ನಾವಿಬ್ಬರೂ ಕುಡಿದು ಲೋಟ ತೊಳೆದಿಟ್ಟರೂ ಅವರ ಮಾತು ಮುಗಿದಿರಲಿಲ್ಲ.

ಫೋನ್ ಇಡುವ ಮೊದಲು ನನ್ನ ನಿಯಮ ಹೇಳಿದೆ. ನಿಮ್ಮಿಬ್ಬರಲ್ಲಿ ಯಾರೂ ನನ್ನ ಡಾಕ್ಟರಲ್ಲ, ಮಂಡ್ಯದವರೇ ಡಾಕ್ಟರು. ನನ್ನ ಮಾತ್ರೆಯಲ್ಲಿ ಏನಾದರೂ ಅನುಮಾನ ಬಂದರೆ ವೀಣಾ ಬರೆಯಬೇಕು, ಮಹೇಶ ಓದಬೇಕು, ಇಬ್ಬರ ಹೆಸರೂ ಇರುವ ಒಂದೇ ಕಾಗದ ಡಾಕ್ಟರಿಗೆ ಹೋಗಬೇಕು. ಅವರು ತೀರ್ಮಾನಿಸಬೇಕು, ನಾನು ಹೂಂ ಅನ್ನಬೇಕು. ಅಲ್ಲಿಯವರೆಗೆ ಅರ್ಧ ಮಾತ್ರೆಯೂ ಹೆಚ್ಚಬಾರದು, ಕಡಿಮೆಯಾಗಬಾರದು.

"ಇದೆಲ್ಲ ಎಲ್ಲಿ ಕಲಿತೆ ಅಮ್ಮ?" ಎಂದ ಮಹೇಶ.

"ನಿಮ್ಮ ದೇಶದಲ್ಲೇ. ನೀವು ಆಚೆ ಎಲ್ಲರಿಗೂ ಮಾಡ್ತೀರಿ. ಮನೆಗೆ ಬಂದರೆ ಮರೀತೀರಿ."

ಊರಿಗೆ ಬಂದ ಮೇಲೆ

ಮತ್ತೆ ರಕ್ತ ನೋಡಿಸಿದಾಗ ಅಂಕಿ ಇಳಿದಿತ್ತು. ಮಂಡ್ಯದ ಡಾಕ್ಟರು ಮೊದಲು ಲಿಯೆನ್ ಬರೆದ ಕಾಗದ ನೋಡಿ, "ಇದೇನಮ್ಮ, ಫಾರ್ಮಸಿಸ್ಟ್ ನಮಗೆ ಹೇಳಿಕೊಡ್ತಾರಾ?" ಎಂದರು. ಹೊರಗೆ ಐವತ್ತು ಜನ ಕಾಯುತ್ತಿದ್ದರು. ನಾನು ಕುರ್ಚಿಯಿಂದ ಏಳಲಿಲ್ಲ. "ಓದಿ ಸಾರ್, ನಾನು ಕಾಯ್ತೀನಿ" ಎಂದೆ. ಓದಿದರು. ಹಿಂದಿನ ಪುಟಕ್ಕೆ ಹೋಗಿ ಇನ್ನೊಮ್ಮೆ ಓದಿದರು. "ಈ ನೋವಿನ ಮಾತ್ರೆ ನನಗೂ ಹೇಳಿರಲಿಲ್ವಲ್ಲ ನೀವು" ಎಂದರು. ಹೌದು ಎಂದೆ.

ಎಲ್ಲವೂ ಸರಿಹೋಯಿತು ಎಂದು ನಿಮಗೆ ಬರೆಯುವುದಿಲ್ಲ. ತಾತನ ವಿಷಯಕ್ಕೆ ವೀಣಾಳಿಗೆ ನನ್ನ ಮೇಲೆ ಸಿಟ್ಟಿದೆ. ಎರಡು ವಾರ ಫೋನ್ ಮಾಡಲಿಲ್ಲ. ಅವಳ ಸಿಟ್ಟು ಸರಿ. ಮಹೇಶ ಫೋನ್ ಮಾಡುತ್ತಾನೆ, ಆ ವಿಷಯ ಎತ್ತುವುದಿಲ್ಲ. ಆದರೆ ತಿಂಗಳಿಗೊಮ್ಮೆ ಇಬ್ಬರ ಹೆಸರೂ ಇರುವ ಕಾಗದ ಬರುತ್ತದೆ. ಹೋದ ತಿಂಗಳು ಬದಲಾಯಿಸುವುದು ಏನೂ ಇರಲಿಲ್ಲ. ಆದರೂ ಬಂತು.

ಇದನ್ನೆಲ್ಲ ಬರೆದ ಈ ನೋಟ್ ಪುಸ್ತಕವನ್ನು ತೇಜಸ್‌ಗೆ ಕಳಿಸುತ್ತಿದ್ದೇನೆ. ಅವನಿಗೆ ಕನ್ನಡ ಓದಲು ಬರುವುದಿಲ್ಲ ಎಂದು ನನಗೆ ಗೊತ್ತು. ಓದಲು ಬರುವುದು ಅನ್ವಿತಾಗೆ. ಅವಳ ಹತ್ತಿರ ಪುಸ್ತಕ ಇರುವುದಿಲ್ಲ. ಪ್ರತಿ ಮಾಡಿಸಿಲ್ಲ, ಮಾಡಿಸುವುದೂ ಇಲ್ಲ. ತೇಜಸ್, ನೀನು ಒಂದೊಂದೇ ಹಾಳೆಯನ್ನು ಫೋನಿನ ಮುಂದೆ ನೆಟ್ಟಗೆ ಹಿಡಿ. ಅನ್ವಿತಾ, ನೀನು ತಮ್ಮನಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಓದು. ನನ್ನ ಅಕ್ಷರ ಅರ್ಥವಾಗದ ಕಡೆ ನಿನ್ನ ಅಮ್ಮನನ್ನು ಕರೆ. ಓದಿ ಮುಗಿದ ಮೇಲೆ ಹಾಳೆಗಳು ಹರಿಯದ ಹಾಗೆ ಒಣ ಜಾಗದಲ್ಲಿ ಎತ್ತಿಡು ತೇಜಸ್. ನೀವು ದೊಡ್ಡವರಾದ ಮೇಲೆ ಇನ್ನೊಂದು ಸಲ ಓದಬೇಕಾಗುತ್ತದೆ. ಆಗಲೂ ಇಬ್ಬರೂ ಬೇಕಾಗುತ್ತೀರಿ.